ಹಳೇ ಚರ್ಚಿನ ಗೋಡೆಗೆ ಮತ್ತೆ ಸುಣ್ಣದ ಗಾರೆ: ನನ್ನ ಅನುಭವ

ಎರಡು ಮಳೆಗಾಲ ಪೂರ್ತಿ ಕಳೀಲಿ, ಆಮೇಲೆ ಬರೀತೀನಿ ಅಂತ ಸುಮ್ನಿದ್ದೆ. ಈಗ ಕಳೆದಿದೆ. ದಕ್ಷಿಣದ ಗೋಡೆ ಮೇಲೆ ಒಂದು ಚೂರೂ ಉಪ್ಪು ಎದ್ದಿಲ್ಲ, ಭಾನುವಾರ ಪೂಜೆಗೆ ಬರೋರು ಗೋಡೆಗೆ ಒರಗಿ ನಿಂತ್ರೂ ಬಟ್ಟೆಗೆ ಪುಡಿ ಅಂಟಲ್ಲ. ಸೆಪ್ಟೆಂಬರ್ ಅಕ್ಟೋಬರ್ ಮಳೆ ಹೆಂಗಿರುತ್ತೆ ಅಂತ ಬೆಂಗಳೂರಿನವರಿಗೆ ನಾನೇನು ಹೇಳ್ಬೇಕಿಲ್ಲ. "ಸುಣ್ಣ ಹಾಕಿದ್ರೆ ಒಂದೇ ಮಳೆಗೆ ಕರಗಿ ಹೋಗುತ್ತೆ" ಅಂದವರೆಲ್ಲ ಈಗ ಬಂದು ಗೋಡೆ ಮುಟ್ಟಿ ನೋಡ್ಕೊಂಡು ಹೋಗ್ತಿದಾರೆ.

ಚರ್ಚಿನ ಹೆಸರು ಬರೆಯಲ್ಲ, ಕಮಿಟಿಯವರಿಗೆ ಇಷ್ಟ ಇಲ್ಲ. ಬೆಂಗಳೂರಿನ ದಂಡು (ಕಂಟೋನ್ಮೆಂಟ್) ಕಡೆಯದ್ದು, 1800ರ ಕೊನೇ ಭಾಗದ್ದು ಅಂದ್ರೆ ಸಾಕು. ಇಟ್ಟಿಗೆ ಗೋಡೆ ಎರಡಡಿಗಿಂತ ದಪ್ಪ, ಕೆಳಗೆ ಕಲ್ಲಿನ ಪಾಯ, ಚೂಪು ಕಮಾನಿನ ಕಿಟಕಿ, ಕಿಟಕಿ ಕಿಟಕಿ ಮಧ್ಯೆ ಆಚೆ ಕಡೆ ಆಸರೆ ಗೋಡೆ, ಮೇಲೆ ತೇಗದ ಕೈಮರ, ಮಂಗಳೂರು ಹೆಂಚು. ಆಗ ಮೈಸೂರು ಸೀಮೆಯ ಮಿಷನ್ ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯ ಫ್ರೆಂಚ್ ಪಾದ್ರಿಗಳ ಕೈಲಿತ್ತು, ಬೆಂಗಳೂರು ಪ್ರತ್ಯೇಕ ಧರ್ಮಪ್ರಾಂತ್ಯ ಆಗಿದ್ದೇ 1940ರಲ್ಲಿ. ಅವರು ತಮ್ಮೂರಿನ ಚರ್ಚಿನ ಆಕಾರ ತಂದ್ರು, ಆದ್ರೆ ಕಟ್ಟಿದ್ದು ಇಲ್ಲಿನ ಇಟ್ಟಿಗೆ, ಇಲ್ಲಿನ ಸುಣ್ಣ, ಇಲ್ಲಿನ ಮೇಸ್ತ್ರಿಗಳ ಕೈಯಲ್ಲಿ. ನಮ್ಮ ತಾತನ ಕಡೆಯವರು ಗಾರೆ ಗಾಣ (ಸುಣ್ಣದ ಗಾರೆ ಅರೆಯೋ ಗಾಣ) ಹೊಡೆದವರು, ಹಂಗಾಗಿ ನನಗೆ ಈ ಗೋಡೆ ಮೇಲೆ ಒಂದು ಹಕ್ಕು ಇದೆ ಅಂತಲೇ ನಾನು ಅಂದ್ಕೊಂಡಿದೀನಿ.

ಕಾಯಿಲೆ ಏನು ಅಂದ್ರೆ, ನೆಲದಿಂದ ಐದಾರು ಅಡಿವರೆಗೂ ಗೋಡೆ ಒದ್ದೆ. ಪೇಂಟ್ ಬುಗ್ಗೆ ಬುಗ್ಗೆಯಾಗಿ ಏಳೋದು, ಉದುರೋದು, ಬಿಳೀ ಉಪ್ಪು, ಒಳಗೆ ಕಾಲಿಟ್ರೆ ಮುಗ್ಗಲು ವಾಸನೆ. ನನಗಿಂತ ಮುಂಚೆ ಒಬ್ಬರು ವಾಟರ್‌ಪ್ರೂಫ್ ಪುಟ್ಟಿ ಹೊಡೆದು ಹೋಗಿದ್ರು, ಎರಡೂವರೆ ಲಕ್ಷದ ಹತ್ರ ಬಿಲ್ಲು, ಮುಂದಿನ ಪಾಸ್ಕ (ಈಸ್ಟರ್) ಹಬ್ಬಕ್ಕೆ ಅಷ್ಟೂ ಹೊಪ್ಪಳಿಕೆ ಎದ್ದಿತ್ತು. ಅದಕ್ಕೂ ಮುಂಚೆ ಇನ್ಯಾರೋ ಒಳಗಡೆ ಮೂರಡಿ ಎತ್ತರಕ್ಕೆ ಟೈಲ್ಸ್ ಅಂಟಿಸಿದ್ರು. ನೀರು ಟೈಲ್ಸ್ ಹಿಂದೇನೇ ಏರ್ಕೊಂಡು ಹೋಗಿ ಟೈಲ್ಸ್ ಮುಗಿದ ಕಡೆ ಕಾಣಿಸ್ಕೊಳ್ತು, ಅಷ್ಟೇ ಆಗಿದ್ದು. ಕಾಯಿಲೆ ಮೂರಡಿ ಮೇಲಕ್ಕೆ ಹೋಯ್ತು.

ಆಮೇಲೆ ಒಂದು ಕಂಪನಿಯವರು ಬಂದು ಗೋಡೆಗೆ ತೂತು ಕೊರೆದು ಕೆಮಿಕಲ್ ಇಂಜೆಕ್ಷನ್ ಮಾಡ್ತೀವಿ, ಮೇಲೆ ಮತ್ತೆ ಸಿಮೆಂಟು, ಒಂಬತ್ತು ಲಕ್ಷ, ಹತ್ತು ವರ್ಷ ಗ್ಯಾರಂಟಿ ಅಂದ್ರು. ನಾನು ಫಾದರ್ ಹತ್ರ ಹೋಗಿ ಹೇಳಿದ್ದು ಒಂದೇ ಮಾತು. ಫಾದರ್, ಈ ಗೋಡೆ ಕಟ್ಟಿದಾಗ ಸಿಮೆಂಟು ಇರಲಿಲ್ಲ, ಆಮೇಲೆ ಮೆತ್ತಿದ ಸಿಮೆಂಟು ಬಂದ ಮೇಲೇ ಒದ್ದೆ ಬಂದಿರೋದು, ಸುಣ್ಣದ ಗಾರೆಯಲ್ಲಿ ಆರಿ ಹೋಗ್ತಿದ್ದ ತೇವನ ಸಿಮೆಂಟು ಒಳಗೇ ಕಟ್ಟಿಹಾಕುತ್ತೆ, ತೆಗೆದು ನೋಡೋಣ. ಶಿವಾಜಿನಗರದ ಸಂತ ಮರಿಯಮ್ಮನ ಬೆಸಿಲಿಕಾ ತಗೊಳ್ಳಿ, 160 ಅಡಿ ಗೋಪುರ, ಪ್ರತಿಷ್ಠೆ ಆಗಿದ್ದು 1882ರ ಸೆಪ್ಟೆಂಬರ್ 8ಕ್ಕೆ. ನಮ್ಮ ದೇಶದಲ್ಲಿ ಮೊದಲು ಸಿಮೆಂಟು ತಯಾರಾಗಿದ್ದು ಮದ್ರಾಸಲ್ಲಿ, 1904ರಲ್ಲಿ. ಹಾಗಾಗಿ ಆ ಕಾಲದ ಗೋಡೆ ಯಾವುದೇ ಇರಲಿ, ಒಳಗೆ ಇರೋದು ಸುಣ್ಣದ ಗಾರೆ ಅಂದ್ಕೊಂಡೇ ಕೈ ಹಾಕ್ಬೇಕು.

ಕಮಿಟಿಯಲ್ಲಿ ಒಬ್ಬರು ರಿಟೈರ್ಡ್ ಇಂಜಿನಿಯರ್ ಇದಾರೆ, ಒಳ್ಳೇ ಮನುಷ್ಯ, ಆದ್ರೆ ಸುಣ್ಣಕ್ಕೆ ಗಟ್ಟಿತನ ಇಲ್ಲ ಅಂತ ಒಂದೇ ಪಟ್ಟು. ನಾನಂದೆ, ಸರ್, ಕನ್ನಂಬಾಡಿ ಕಟ್ಟೆ ಕಟ್ಟಿರೋದು ಸುರ್ಕಿ ಗಾರೆಯಲ್ಲಿ (ಸುಣ್ಣಕ್ಕೆ ಇಟ್ಟಿಗೆ ಪುಡಿ ಸೇರಿಸಿದ್ದು), ವಿಶ್ವೇಶ್ವರಯ್ಯನವರ ಕಾಲದ್ದು, ಅಷ್ಟು ನೀರು ತಡ್ಕೊಂಡು ನಿಂತಿರೋ ಗಾರೆ ನಮ್ಮ ಚರ್ಚಿನ ಮಳೆಗೆ ಕರಗುತ್ತಾ? ಅವರು ಸುಮ್ನಾದ್ರು. ಆದ್ರೂ ಕೈಗೆ ಸಿಕ್ಕಿದ್ದು ಒಂದು ಆಸರೆ ಗೋಡೆ ಮಾತ್ರ, ಸ್ಯಾಂಪಲ್ ಮಾಡಿ ತೋರ್ಸಿ ಅಂತ.

ಸಿಮೆಂಟು ಕೀಳೋಕೆ ಬ್ರೇಕರ್ ಮಷೀನ್ ಬೇಡ ಅಂದೆ. ಮಷೀನ್ ಇಟ್ರೆ ಸಿಮೆಂಟಿನ ಜೊತೆ ಇಟ್ಟಿಗೆ ಮುಖನೂ ಎದ್ದು ಬರುತ್ತೆ. ಉಳಿ ಸುತ್ತಿಗೆಯಲ್ಲೇ, ಮೇಲಿಂದ ಕೆಳಕ್ಕೆ, ನಿಧಾನ. ಪಾಪನಿವೇದನೆ ಪೆಟ್ಟಿಗೆ ಇಡೋ ಜಾಗದ ಹಿಂದೆ ಒಂದು ದೊಡ್ಡ ಹಲಗೆ ಥರ ಸಿಮೆಂಟು ಕಳಚಿ ಬಿತ್ತು, ಅದರ ಒಳಮುಖ ಕಪ್ಪಗೆ, ನೀರಲ್ಲಿ ಅದ್ದಿ ತೆಗೆದಂಗೆ ತಣ್ಣಗಿತ್ತು. ಅದರ ಹಿಂದಿನ ಇಟ್ಟಿಗೆ ಮೇಲೆ ಹೆಬ್ಬೆರಳು ಇಟ್ಟು ಒತ್ತಿದೆ, ಉಗುರು ಮುಳುಗೋವಷ್ಟು ಒಳಗೆ ಹೋಯ್ತು, ಕೆಂಪು ಕೆಸರು. ಅಲ್ಲೇ ಎರಡಡಿ ಪಕ್ಕದಲ್ಲಿ, ಸಿಮೆಂಟು ಮುಟ್ಟದೇ ಇದ್ದ ಒಂದು ಗೂಡಿನೊಳಗೆ ಹಳೇ ಗಾರೆ ಹಾಗೇ ಇತ್ತು, ಬೆರಳಲ್ಲಿ ತಟ್ಟಿದ್ರೆ ಟಣ್ ಅನ್ನುತ್ತೆ. ಬ್ಲೇಡಿಂದ ಮೆಲ್ಲಗೆ ಕೆರೆದಾಗ ಪದರ ಪದರ ಬಂತು: ಮೇಲೆ ಪ್ಲಾಸ್ಟಿಕ್ ಪೇಂಟು, ಅದರ ಕೆಳಗೆ ತಿಳಿ ನೀಲಿ, ಅದರ ಕೆಳಗೆ ಹಳದಿ ಮಣ್ಣಿನ ಬಣ್ಣ, ಕೊನೆಗೆ ಬರೀ ಸುಣ್ಣ, ಅದರ ಅಂಚಲ್ಲಿ ಒಂದು ಕಾವಿ ಗೆರೆ. ಫಾದರ್‌ನ ಕರೆದು ತೋರಿಸ್ದೆ. ಅವರು ತುಂಬ ಹೊತ್ತು ಆ ಗೆರೆನೇ ನೋಡ್ತಾ ನಿಂತಿದ್ರು. ಮಿಕ್ಕಿದ ಗೋಡೆಗೂ ಪರ್ಮಿಷನ್ ಸಿಕ್ಕಿದ್ದು ಅವತ್ತೇ ಅಂತ ನನ್ನ ಲೆಕ್ಕ.

ನೀರು ಎಲ್ಲಿಂದ ಅನ್ನೋದು ಮುಖ್ಯ, ಇದನ್ನ ಬಿಟ್ಟು ಬರೀ ಗಾರೆ ಹಾಕಿದ್ರೆ ದುಡ್ಡು ದಂಡ. ಆಚೆ ಕಡೆ ಪೇವರ್ ಬ್ಲಾಕ್ ಮೇಲೆ ಪೇವರ್ ಬ್ಲಾಕ್ ಹಾಕಿ ಹಾಕಿ ನೆಲ ಕಲ್ಲಿನ ಪಾಯದ ಮಟ್ಟಕ್ಕಿಂತ ಹೆಚ್ಚುಕಮ್ಮಿ ಒಂದಡಿ ಮೇಲೆ ಬಂದಿತ್ತು, ಪಾಯ ಇರೋದೇ ಇಟ್ಟಿಗೆಗೆ ನೀರು ತಾಗದೆ ಇರ್ಲಿ ಅಂತ, ಅದನ್ನೇ ಹೂತುಬಿಟ್ಟಿದ್ರು. ಒಳಗೆ ಇನ್ನೊಂದು ಕತೆ. 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ ಆದ್ಮೇಲೆ ಎಲ್ಲಾ ಕಡೆ ಬಲಿಪೀಠ ಮುಂದಕ್ಕೆ ಬಂತು, ಗುರುಗಳು ಜನರ ಕಡೆ ಮುಖ ಮಾಡಿ ಪೂಜೆ ಮಾಡೋಕೆ ಶುರುವಾಯ್ತು, ನಮ್ಮ ಭಾಷೆಯಲ್ಲೇ ಪೂಜೆ ಬಂತು, ತುಂಬಾ ಒಳ್ಳೇದೇ ಆಯ್ತು. ಆದ್ರೆ ನಮ್ಮ ಚರ್ಚಲ್ಲಿ ಆ ಪೀಠದ ಕಟ್ಟೆ ದೊಡ್ಡದು ಮಾಡಿದ್ದು ಸಿಮೆಂಟು ಕಾಂಕ್ರೀಟಲ್ಲಿ, ಆಮೇಲೆ ಹಳೇ ನೆಲದ ಮೇಲೆಲ್ಲ ಗ್ರಾನೈಟು. ನೆಲದಿಂದ ಮೇಲೆ ಬಂದು ಆರಿ ಹೋಗ್ತಿದ್ದ ತೇವಕ್ಕೆ ದಾರಿ ಇಲ್ಲದೆ ಅಷ್ಟೂ ಗೋಡೆ ಕಡೆ ತಿರುಗ್ತು. ಪೀಠದ ಹಿಂದಿನ ಗೋಡೆನೇ ಯಾಕೆ ಎಲ್ಲದಕ್ಕಿಂತ ಒದ್ದೆ ಅಂತ ಎಲ್ಲರೂ ಕೇಳೋರು, ಉತ್ತರ ಇದು. ಗ್ರಾನೈಟ್ ಕೀಳೋಕೆ ಯಾರೂ ಒಪ್ಪಲಿಲ್ಲ, ದಾನಿಗಳ ಹೆಸರು ಕೆತ್ತಿದೆ. ಗೋಡೆ ಪಕ್ಕ ಒಂದು ಗೇಣಗಲ ಪಟ್ಟಿ ಮಾತ್ರ ತೆಗೆಸಿದೆ, ಅದಕ್ಕೂ ಜಗಳ ಆಯ್ತು. ಆಚೆ ಕಡೆ ಗೋಡೆ ಉದ್ದಕ್ಕೂ ಕಾಲುವೆ ತೋಡಿ 40 ಎಂಎಂ ಜಲ್ಲಿ ತುಂಬಿ ರಸ್ತೆ ಚರಂಡಿ ಕಡೆ ಇಳಿಜಾರು ಕೊಟ್ಟೆ.

ಇನ್ನು ಗಾರೆ. ಮೊದಲ ಸ್ಯಾಂಪಲ್ ಪೇಂಟ್ ಅಂಗಡಿಯ ಪುಡಿ ಸುಣ್ಣದಲ್ಲಿ, ಕಮಿಟಿಯವರೇ ಚೀಪ್ ಅಂತ ತಂದು ಕೊಟ್ಟಿದ್ದು. ತಿಂಗಳಾದ್ರೂ ಕೈಯಲ್ಲಿ ಒರೆಸಿದ್ರೆ ಬರ್ತಿತ್ತು. ಎರಡನೇದು ಸುಟ್ಟ ಸುಣ್ಣದ ಕಲ್ಲು ತರಿಸಿ ಮಾಡಿದ್ದು, ಆದ್ರೆ ಸಿಕ್ಕಿದ ಎಂ ಸ್ಯಾಂಡಲ್ಲಿ (ಕಲ್ಲು ಪುಡಿ ಮಾಡಿದ ಮರಳು) ಧೂಳು ಜಾಸ್ತಿ, ಮೇಲಿಂದ ಮಾರ್ಚ್ ಗಾಳಿ, ಜೇಡರ ಬಲೆ ಥರ ಬಿರುಕು. ಆಗ ನನ್ನ ಬೆನ್ನ ಹಿಂದೆ ನಗಾಡಿದವರು ಬೇಕಾದಷ್ಟು ಜನ. ಮೂರನೇದಕ್ಕೆ ಬಾಗಲಕೋಟೆ ಜಿಲ್ಲೆ ಲೋಕಾಪುರದ ಕಡೆಯ ಸುಣ್ಣದ ಕಲ್ಲು, ಗುಂಡಿಯಲ್ಲಿ ನೀರು ಹಾಕಿ ಅರಳಿಸಿ, ಸೋಸಿ, ತಿಂಗಳ ಮೇಲೆ ನೀರಡಿ ಬಿಟ್ಟು ಬೆಣ್ಣೆ ಹದಕ್ಕೆ ತಂದೆ, ಸಾಗಾಣಿಕೆ ಸೇರಿ ಕೆಜಿಗೆ 12-15 ರೂಪಾಯಿ ಬಿತ್ತು ಅಂತ ನೆನಪು. ಮರಳನ್ನ ತೊಳೆದು ಜರಡಿ ಹಿಡಿದೆ. ಸುರ್ಕಿಗೆ ಕರ್ರಗೆ ಸುಟ್ಟ ಇಟ್ಟಿಗೆ ಬೇಡ, ಅದು ಸುಣ್ಣದ ಜೊತೆ ಹೊಂದಲ್ಲ, ಸ್ವಲ್ಪ ಎಳೆ ಸುಟ್ಟ ಇಟ್ಟಿಗೆನೇ ಕುಟ್ಟಿಸ್ಬೇಕು. ಮೊದಲ ಕೋಟು ಸುಣ್ಣ ಒಂದು, ಸುರ್ಕಿ ಒಂದು, ಮರಳು ಎರಡು. ಒಂದು ಕೋಟು ಅರ್ಧ ಇಂಚಿನ ಒಳಗೇ, ಗೀರು ಹಾಕಿ, ವಾರದ ಮೇಲೆ ಬಿಟ್ಟು ಮುಂದಿನದು. ಗೋಣಿಚೀಲ ನೇತಾಕಿ ತೇವ ಇಟ್ವಿ, ಪೈಪ್ ಹಿಡಿದು ನೀರು ಹೊಡೆಯೋ ಹುಡುಗನನ್ನ ಎರಡು ಸಲ ಓಡಿಸಿದೀನಿ.

ಗಾರೆಗೆ ಬೆಲ್ಲ, ಅಳಲೆಕಾಯಿ ಕೊಳೆಸಿದ ನೀರು ಹಾಕೋದು ಎಲ್ಲರಿಗೂ ಗೊತ್ತು. ಬೆಲ್ಲ ಜಾಸ್ತಿ ಆದ್ರೆ ಇರುವೆ ಮುತ್ತುತ್ತೆ, ಗಾರೆ ಗಟ್ಟಿಯಾಗೋದೂ ತಡ. ಎಷ್ಟು ದಿನ ಕೊಳೆಸ್ಬೇಕು, ಕೊಳೆಸೋ ನೀರಿಗೆ ಇನ್ನೇನು ಸೇರ್ಸ್ತೀವಿ ಅನ್ನೋದನ್ನ ಇಲ್ಲಿ ಬರೆಯಲ್ಲ, ಅದು ಮನೆ ವಿದ್ಯೆ, ಬೇಕಾದವರು ಬಂದು ನಾಲ್ಕು ದಿನ ಕೆಲಸ ಮಾಡಿ ಕಲ್ತ್ಕೊಳ್ಳಿ. ಕೊನೇ ಕೋಟಿನ ಪಾಲಿಶ್ ಕೂಡ ಅಷ್ಟೇ.

ಮಧ್ಯೆ ಹುಚ್ಚು ಬಂದು ಕೆಲವು ಪ್ರಯೋಗ ಮಾಡ್ದೆ. ಲೋಳೆಸರದ ನೀರು ಹಾಕಿ ಒಂದು ಚದರಡಿ, ಕತ್ತಾಳೆ ರಸ ಹಾಕಿ ಒಂದು ಚದರಡಿ, ಹಿಂದಗಡೆ ಕಾಂಪೌಂಡ್ ಗೋಡೆ ಮೇಲೆ. ಲೋಳೆಸರದ್ದು ಕೈಗೆ ಚೆನ್ನಾಗಿ ಬರುತ್ತೆ, ಕರಣೆ ಜಾರುತ್ತೆ, ಗಟ್ಟಿತನದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಚಿಪ್ಪು ಸುಣ್ಣ ಕರಾವಳಿಯಿಂದ ಎರಡು ಮೂಟೆ ತರಿಸಿ ಪೀಠದ ಎಡಗಡೆ ಗೂಡಿಗೆ ಮಾತ್ರ ಹಾಕಿದೀನಿ, ಆ ಬಿಳುಪೇ ಬೇರೆ. ಹಳೇ ಉಪ್ಪು ತೆಗೆಯೋಕೆ ಪೇಪರ್ ನೆನೆಸಿ ರುಬ್ಬಿ ಬರೀ ಇಟ್ಟಿಗೆ ಮೇಲೆ ಮೆತ್ತಿಸಿ, ಒಣಗಿದ ಮೇಲೆ ಕಿತ್ತು, ಮತ್ತೆ ಮೆತ್ತಿಸಿದ್ದು ಮಾತ್ರ ನಿಜಕ್ಕೂ ಕೆಲಸ ಮಾಡ್ತು. ಮೊದಲ ಸಲ ಕಿತ್ತ ಪೇಪರ್ ನಾಲಿಗೆಗೆ ಇಟ್ರೆ ಉಪ್ಪು, ಕೊನೆಗೆ ಕಿತ್ತದ್ದು ಸಪ್ಪೆ. ಪ್ಲಾಸ್ಟಿಕ್ ಹಾಳೆ ಗೋಡೆಗೆ ಟೇಪ್ ಹಾಕಿ ರಾತ್ರಿ ಬಿಟ್ಟು ಬೆಳಿಗ್ಗೆ ಹನಿ ನೋಡೋದು, ತೇವ ನೋಡೋಕೆ ನನ್ನ ಹತ್ರ ಇದ್ದ ಮೀಟರ್ ಅದೊಂದೇ.

ಹೆಂಚಿನ ವಿಷಯನೂ ಹೇಳ್ಬೇಕು. ಸಾರವೆ ಹತ್ತಿದಾಗ ಹೆಂಚಿನ ಮೇಲೆ 1865 ಅಂತ ಇತ್ತು, ಓಹೋ ಚರ್ಚು 1865ರದ್ದು ಅಂತ ಹುಡುಗರು ಫೋಟೋ ಹೊಡೆದು ಎಲ್ಲಾ ಗ್ರೂಪಿಗೂ ಕಳಿಸಿಬಿಟ್ರು. ಅದು ಮಂಗಳೂರಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಶುರುವಾದ ವರ್ಷ, ಎಷ್ಟೋ ವರ್ಷ ಆದ್ಮೇಲೆ ಮಾಡಿದ ಹೆಂಚಿಗೂ ಅದೇ ಅಚ್ಚು. ಹೆಂಚು ನೋಡಿ ಕಟ್ಟಡದ ವಯಸ್ಸು ಹೇಳ್ಬೇಡಿ.

ದುಡ್ಡು. ನೆಲದಿಂದ ಎಂಟಡಿವರೆಗೆ ಒಳಗೆ ಹೊರಗೆ, ಕಾಲುವೆ ಸೇರಿ, ಆರೂವರೆ ಲಕ್ಷದ ಹತ್ರ ಹೋಯ್ತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕೂಲಿ, ಮೇಸ್ತ್ರಿಗೆ ದಿನಕ್ಕೆ 1100, ಹೆಲ್ಪರ್‌ಗೆ 750, ಸುಣ್ಣದ ಕೆಲಸ ಸಿಮೆಂಟಿನ ಥರ ಓಡಲ್ಲ. ಕಮಿಟಿ ಪಾಸ್ ಮಾಡಿದ್ದು ಐದು. ಮಿಕ್ಕಿದ್ದಕ್ಕೆ ಹಬ್ಬದ ಕಾಣಿಕೆ, ಒಂದಷ್ಟು ಮನೆಯವರು ಮರಳು ಲೋಡು ಕೊಟ್ರು, ನನ್ನ ಕೈಯಿಂದ ಹೋದ ನಲವತ್ತು ಸಾವಿರ ವಾಪಸ್ ಬಂದಿದ್ದು ಕ್ರಿಸ್‌ಮಸ್ ಹೊತ್ತಿಗೆ. ಒಂಬತ್ತು ಲಕ್ಷದ ಇಂಜೆಕ್ಷನ್‌ಗಿಂತ ಕಮ್ಮಿ, ಮೇಲಿಂದ ಎಂಟು ಹತ್ತು ಮನೆ ಒಲೆ ಉರೀತು.

ಕೊನೇದಾಗಿ ಪೇಂಟು. ಕೆಲಸ ಮುಗಿದ ತಕ್ಷಣ ಒಬ್ಬ ದಾನಿ ಇಡೀ ಚರ್ಚಿಗೆ ಒಳ್ಳೇ ಕಂಪನಿ ಎಮಲ್ಷನ್ ಕೊಡಿಸ್ತೀನಿ ಅಂತ ಬಂದ್ರು. ಬೇಡ ಅಂದೆ, ಅವರಿಗೆ ಬೇಜಾರಾಯ್ತು. ಎಮಲ್ಷನ್ ಹೊಡೆದ್ರೆ ಗೋಡೆ ಉಸಿರಾಡೋ ದಾರಿ ಮತ್ತೆ ಮುಚ್ಚುತ್ತೆ, ಮಾಡಿದ್ದೆಲ್ಲ ನೀರಲ್ಲಿ ಹೋಮ. ಆ ದುಡ್ಡಲ್ಲೇ ವರ್ಷಾವರ್ಷ ತಪಸ್ಸುಕಾಲಕ್ಕೆ (ಪಾಸ್ಕ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳು) ಮುಂಚೆ ಸುಣ್ಣ ಬಳಿಸಿ ಅಂತ ಫಾದರ್ ಅವರಿಗೆ ತಿಳಿ ಹೇಳಿ ಒಪ್ಪಿಸಿದ್ರು, ಈ ಸಲದ್ದು ಆಗಿದೆ. ಗೂಡಲ್ಲಿ ಸಿಕ್ಕಿದ ಆ ಹಳದಿನೇ ಹಾಕ್ಸಿದೀನಿ, ಬಣ್ಣ ಹೊಂದಿಸೋಕೆ ಬಕೆಟ್ ಬಕೆಟ್ ಸುಣ್ಣ ಚೆಲ್ಲಿದ್ದಾಯ್ತು, ಯಾಕಂದ್ರೆ ಸುಣ್ಣದ ಬಣ್ಣ ಹಸಿ ಇದ್ದಾಗ ಒಂಥರ, ಒಣಗಿದ ಮೇಲೆ ಅದರ ಅರ್ಧ. ಹಲಗೆ ಮೇಲೆ ಬಳಿದು, ಪೂರ್ತಿ ಒಣಗಿಸಿ, ಕಿಟಕಿ ಬೆಳಕಲ್ಲಿ ಹಿಡಿದು ನೋಡಿದ ಮೇಲೇ ಗೋಡೆಗೆ ಕುಂಚ ಇಡಿ.