ಜರ್ನಲ್‌ಗೆ ಕಳಿಸುವ ಮುನ್ನ: ಸಂಶೋಧನಾ ಲೇಖನದ ಹಸ್ತಪ್ರತಿ ಸಿದ್ಧಪಡಿಸುವ ಬಗೆ

ಪ್ರಯೋಗ ಮುಗಿದು ದತ್ತಾಂಶ ಕೈಗೆ ಬಂದಮೇಲೆ ‘ಇನ್ನೇನು, ಬರೆದು ಕಳಿಸಿದರಾಯಿತು’ ಅನ್ನಿಸುವುದು ಸಹಜ. ಆದರೆ ಜರ್ನಲ್‌ಗಳಿಗೆ ಬರುವ ಎಷ್ಟೋ ಹಸ್ತಪ್ರತಿಗಳು ಅದೇ ಕ್ಷೇತ್ರದ ವಿಮರ್ಶಕರ ಕಣ್ಣಿಗೂ ಬೀಳದೆ ಸಂಪಾದಕರ ಮೇಜಿನಿಂದಲೇ ಹಿಂದಿರುಗುತ್ತವೆ. ಹಾಗೆ ಹಿಂದಿರುಗಿದ್ದೆಲ್ಲ ಕಳಪೆ ಸಂಶೋಧನೆಯೇನಲ್ಲ. ವಿಷಯ ಆ ಜರ್ನಲ್‌ಗೆ ಹೊಂದದಿರುವುದು, ಮೊದಲ ಪುಟ ಓದಿದರೂ ಹೊಸತೇನೆಂದು ತಿಳಿಯದಿರುವುದು, ಲೇಖಕರಿಗೆ ಕೊಟ್ಟ ಸೂಚನೆ ಓದದೆ ಕಳಿಸಿರುವುದು. ತಿರಸ್ಕಾರಕ್ಕೆ ಇಷ್ಟೇ ಸಾಕು.

ಮೊದಲು ಒಂದೇ ಒಂದು ವಾಕ್ಯ

ಫೈಲ್ ತೆರೆಯುವ ಮೊದಲು, ಲೇಖನ ಸಾಧಿಸಿ ತೋರಿಸುವುದೇನು ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯಿರಿ. ‘ಉಪ್ಪು ಮಣ್ಣಿನಲ್ಲಿ ಬ್ಯಾಕ್ಟೀರಿಯಾಗಳ ಒಂದು ಅಧ್ಯಯನ’ ಎಂಬುದು ವಿಷಯವಾಯಿತು, ಮಾತಾಗಲಿಲ್ಲ. ‘ಮಣ್ಣಿನ ಉಪ್ಪಿನಂಶ ಇಷ್ಟು ದಾಟಿದರೆ ಈ ಬ್ಯಾಕ್ಟೀರಿಯಾದ ಸಾರಜನಕ ಸ್ಥಿರೀಕರಣ ಅರ್ಧಕ್ಕಿಳಿಯುತ್ತದೆ’ ಎಂದರೆ ಅದು ಮಾತು. ಯಾವ ಚಿತ್ರ ಲೇಖನದೊಳಗೆ ಇರಬೇಕು, ಯಾವುದು ಪೂರಕ ಕಡತಕ್ಕೆ ಹೋಗಬೇಕು, ಯಾವ ಪ್ಯಾರಾಕ್ಕೆ ಕತ್ತರಿ ಹಾಕಬೇಕು ಎಂಬ ಮುಂದಿನ ಎಲ್ಲ ತಕರಾರುಗಳನ್ನೂ ಈ ವಾಕ್ಯವೇ ತೀರಿಸುತ್ತದೆ. ಮೂವರು ಸಹಲೇಖಕರು ಮೂರು ಬೇರೆ ಬೇರೆ ವಾಕ್ಯ ಬರೆದುಕೊಟ್ಟರೆ, ಬರೆಯುವ ಹೊತ್ತು ಇನ್ನೂ ಬಂದಿಲ್ಲ.

ಜರ್ನಲ್ ಮೊದಲೇ ಗೊತ್ತಾಗಲಿ

ಪದಮಿತಿ, ಚಿತ್ರಗಳ ಸಂಖ್ಯೆ, ಉಲ್ಲೇಖದ ಶೈಲಿ, ವಿಧಾನದ ಭಾಗ ಎಲ್ಲಿ ಬರಬೇಕು ಎಂಬುದು, ಇವೆಲ್ಲ ಜರ್ನಲ್‌ನಿಂದ ಜರ್ನಲ್‌ಗೆ ಬದಲಾಗುತ್ತವೆ. ಪೂರ್ತಿ ಬರೆದಮೇಲೆ ಜರ್ನಲ್ ಹುಡುಕಿದರೆ ಅರ್ಧ ಕೆಲಸ ಮತ್ತೆ ಮಾಡಬೇಕಾಗುತ್ತದೆ. ನಿಮ್ಮ ಉಲ್ಲೇಖಪಟ್ಟಿಯಲ್ಲಿ ಪದೇಪದೇ ಬರುವ ಜರ್ನಲ್‌ಗಳೇ ಮೊದಲ ಸುಳಿವು. ಅವುಗಳ ಕಳೆದ ಎರಡು ವರ್ಷಗಳ ಸಂಚಿಕೆಗಳನ್ನು ತಿರುವಿಹಾಕಿ, ನಿಮ್ಮ ಬಗೆಯ ಲೇಖನಗಳು ಅಲ್ಲಿ ಬರುತ್ತಿವೆಯೇ ನೋಡಿ. ಮೂರು ಹೆಸರುಗಳನ್ನು ಆದ್ಯತೆಯ ಕ್ರಮದಲ್ಲಿ ಬರೆದಿಟ್ಟುಕೊಳ್ಳಿ. ಕಳಿಸುವುದು ಮಾತ್ರ ಒಂದು ಸಲಕ್ಕೆ ಒಂದಕ್ಕೇ. ಒಂದೇ ಹಸ್ತಪ್ರತಿಯನ್ನು ಏಕಕಾಲಕ್ಕೆ ಎರಡು ಕಡೆ ಕಳಿಸುವುದು ಪ್ರಕಟಣಾ ನೀತಿಗೆ ವಿರುದ್ಧ. ಸಿಕ್ಕಿಬಿದ್ದರೆ ಎರಡೂ ಕಡೆ ಬಾಗಿಲು ಮುಚ್ಚುತ್ತದೆ.

ಕೆಲವೇ ದಿನಗಳಲ್ಲಿ ಪ್ರಕಟಣೆಯ ಭರವಸೆ ಕೊಡುವ, ಶುಲ್ಕವನ್ನು ಕೊನೆಯವರೆಗೂ ಬಚ್ಚಿಡುವ ಜರ್ನಲ್‌ಗಳ ಬಗ್ಗೆ ಎಚ್ಚರವಿರಲಿ. ಮುಕ್ತ ಪ್ರವೇಶದ (ಯಾರು ಬೇಕಾದರೂ ಉಚಿತವಾಗಿ ಓದಬಹುದಾದ) ಜರ್ನಲ್ ಆಗಿದ್ದರೆ, ಅಂಥ ಜರ್ನಲ್‌ಗಳಿಗೆಂದೇ 2003ರಿಂದ ನಡೆಯುತ್ತಿರುವ ‘ಡಿಒಎಜೆ’ ಸೂಚಿಯಲ್ಲಿ ಹೆಸರಿದೆಯೇ ನೋಡಿ. ‘ನಾವು ಕೋಪ್ (ಪ್ರಕಟಣಾ ನೀತಿ ಸಮಿತಿ) ಸಂಸ್ಥೆಯ ಸದಸ್ಯರು’ ಎಂದು ಜರ್ನಲ್ ಹೇಳಿಕೊಂಡರೆ ಅದನ್ನು ಕೋಪ್‌ನ ಪಟ್ಟಿಯಲ್ಲೇ ಪರೀಕ್ಷಿಸಿ, ಜರ್ನಲ್‌ನ ಪುಟದಲ್ಲಿರುವ ಲಾಂಛನ ನಂಬಬೇಡಿ. ಹಳೆಯ, ಒಳ್ಳೆಯ ಜರ್ನಲ್‌ಗಳ ಹೆಸರನ್ನೇ ಕದ್ದು ನಕಲಿ ಜಾಲತಾಣ ನಡೆಸುವವರೂ ಇದ್ದಾರೆ. ಪ್ರಕಟಣಾ ಶುಲ್ಕ ಎಷ್ಟು, ಕೊಡುವವರು ಯಾರು ಎಂಬುದೂ ಈಗಲೇ ತೀರ್ಮಾನವಾಗಬೇಕು. ರಿಯಾಯಿತಿ ಬೇಕಿದ್ದರೆ ಸಾಮಾನ್ಯವಾಗಿ ಸಲ್ಲಿಸುವಾಗಲೇ ಕೇಳಬೇಕು; ಲೇಖನ ಸ್ವೀಕೃತವಾದ ಮೇಲೆ ಕೇಳಿದರೆ ಅನೇಕ ಪ್ರಕಾಶಕರು ಒಪ್ಪುವುದಿಲ್ಲ.

ಯಾರ ಹೆಸರು, ಯಾವ ಕ್ರಮ

ಕೆಲಸ ಅರ್ಧದಲ್ಲಿ ನಿಲ್ಲುವುದು, ಸ್ನೇಹ ಕೆಡುವುದು ಹೆಚ್ಚಾಗಿ ಇಲ್ಲೇ. ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಲೇಖಕತ್ವಕ್ಕೆ ನಾಲ್ಕು ಷರತ್ತು ಇಟ್ಟಿದೆ: ಅಧ್ಯಯನದ ರೂಪುರೇಷೆ, ದತ್ತಾಂಶ ಅಥವಾ ವಿಶ್ಲೇಷಣೆಯಲ್ಲಿ ಗಣನೀಯ ಪಾಲು; ಕರಡು ಬರೆಯುವುದರಲ್ಲಿ ಅಥವಾ ಗಂಭೀರವಾಗಿ ತಿದ್ದುವುದರಲ್ಲಿ ಪಾಲು; ಅಂತಿಮ ಪ್ರತಿಗೆ ಒಪ್ಪಿಗೆ; ಇಡೀ ಕೆಲಸಕ್ಕೆ ಹೊಣೆ. ಇವುಗಳಲ್ಲಿ ಮೂರು ಇದ್ದರೆ ಸಾಲದು, ನಾಲ್ಕೂ ಬೇಕು. ಉಪಕರಣ ಕೊಟ್ಟವರಿಗೆ, ವಿಭಾಗದ ಮುಖ್ಯಸ್ಥರಿಗೆ ಕೃತಜ್ಞತೆಯ ಭಾಗದಲ್ಲಿ ಜಾಗವಿದೆ. ವೈದ್ಯಕೀಯದ ಆಚೆಗೂ ಅನೇಕ ಜರ್ನಲ್‌ಗಳು ಇದನ್ನೇ ಅನುಸರಿಸುತ್ತವೆ. ಯಾರು ಏನು ಮಾಡಿದರು ಎಂದು ತಿಳಿಸಲು ‘ಕ್ರೆಡಿಟ್’ ಎಂಬ 14 ಪಾತ್ರಗಳ ಪಟ್ಟಿಯನ್ನು ಹಲವು ಜರ್ನಲ್‌ಗಳು ಕೇಳುತ್ತವೆ. ಹೆಸರುಗಳ ಚರ್ಚೆಗೆ ಕೂತಾಗ ಆ ಪಟ್ಟಿಯನ್ನೇ ಮುಂದಿಟ್ಟುಕೊಂಡರೆ ಮುಜುಗರ ಕಡಿಮೆ. ಪ್ರತಿಯೊಬ್ಬರ 16 ಅಂಕಿಗಳ ಆರ್ಕಿಡ್ ಸಂಖ್ಯೆ (ಸಂಶೋಧಕರ ಗುರುತಿನ ಸಂಖ್ಯೆ), ಸಂಸ್ಥೆಯ ಸರಿಯಾದ ಹೆಸರು, ಕಾಗುಣಿತ ಎಲ್ಲವನ್ನೂ ಅವರಿಂದಲೇ ಬರೆಸಿಕೊಳ್ಳಿ. ಚಾಟ್‌ಜಿಪಿಟಿಯಂಥ ಸಾಧನಗಳನ್ನು ಲೇಖಕರೆಂದು ಹೆಸರಿಸುವಂತಿಲ್ಲ, ಏಕೆಂದರೆ ಅವು ಹೊಣೆ ಹೊರಲಾರವು. ಬಳಸಿದ್ದರೆ ಎಲ್ಲಿ, ಯಾತಕ್ಕೆ ಎಂದು ಜರ್ನಲ್ ಕೇಳಿದ ರೀತಿಯಲ್ಲಿ ಹೇಳಬೇಕು.

ಚಿತ್ರಗಳಿಂದ ಬರವಣಿಗೆ ಆರಂಭ

ಪೀಠಿಕೆಯಿಂದ ಶುರುಮಾಡಿದವರು ಪೀಠಿಕೆಯಲ್ಲೇ ವಾರಗಟ್ಟಲೆ ಸಿಕ್ಕಿಕೊಳ್ಳುತ್ತಾರೆ. ಚಿತ್ರ ಮತ್ತು ಕೋಷ್ಟಕಗಳನ್ನು ಮೊದಲು ಸಿದ್ಧಮಾಡಿ, ಅವನ್ನು ಕ್ರಮವಾಗಿ ಜೋಡಿಸಿ. ಒಂದೊಂದರ ಕೆಳಗೂ ಅದು ಏನನ್ನು ತೋರಿಸುತ್ತದೆ ಎಂದು ಒಂದು ಸಾಲು ಬರೆದರೆ ಫಲಿತಾಂಶ ಭಾಗದ ಅಸ್ಥಿಪಂಜರ ತಯಾರು. ಆ ಸಾಲು ನಿಮ್ಮ ಮೂಲ ವಾಕ್ಯಕ್ಕೆ ಆಸರೆಯಾಗದಿದ್ದರೆ ಆ ಚಿತ್ರ ಪೂರಕ ಕಡತಕ್ಕೆ ಹೋಗಲಿ.

ಚಿತ್ರವನ್ನು ಅಚ್ಚಾಗುವ ಅಳತೆಯಲ್ಲೇ ರಚಿಸಬೇಕು. ಒಂದು ಕಾಲಂ ಸಾಮಾನ್ಯವಾಗಿ 85ರಿಂದ 90 ಮಿ.ಮೀ., ಎರಡು ಕಾಲಂ 170ರಿಂದ 185 ಮಿ.ಮೀ. ಅಗಲ. ಫೋಟೊಗಳಿಗೆ 300 ಡಿಪಿಐ (ಒಂದು ಅಂಗುಲಕ್ಕೆ ಎಷ್ಟು ಚುಕ್ಕಿ ಎಂಬ ಅಳತೆ) ಕೇಳುವುದು ರೂಢಿ. ಗೆರೆಚಿತ್ರಗಳಿಗೆ 600ರಿಂದ 1,000. ಲೆಕ್ಕ ಸುಲಭ: ಮಿ.ಮೀ. ಅಗಲವನ್ನು 25.4ರಿಂದ ಭಾಗಿಸಿ ಡಿಪಿಐಯಿಂದ ಗುಣಿಸಿ. 85 ಮಿ.ಮೀ. ಫೋಟೊಗೆ 300 ಡಿಪಿಐಯಲ್ಲಿ ಸುಮಾರು 1,004 ಪಿಕ್ಸೆಲ್ ಅಗಲ ಬೇಕು. ನಿಮ್ಮ ಮೂಲ ಚಿತ್ರ 400 ಪಿಕ್ಸೆಲ್ ಇದ್ದರೆ ಸಾಫ್ಟ್‌ವೇರ್‌ನಲ್ಲಿ ಹಿಗ್ಗಿಸಿ ಪ್ರಯೋಜನವಿಲ್ಲ. ಇಲ್ಲದ ವಿವರ ಎಲ್ಲಿಂದ ಬಂದೀತು? ಸೂಕ್ಷ್ಮದರ್ಶಕದ ಮೂಲ ಫೈಲ್‌ಗೇ ಹಿಂದಿರುಗಬೇಕು. ಗ್ರಾಫ್‌ಗಳನ್ನು ಪಿಡಿಎಫ್ ಅಥವಾ ಇಪಿಎಸ್‌ನಂಥ, ಹಿಗ್ಗಿಸಿದರೂ ಕೆಡದ ವೆಕ್ಟರ್ ರೂಪದಲ್ಲಿ ಉಳಿಸಿದರೆ ಈ ತಾಪತ್ರಯವೇ ಇಲ್ಲ. ಜೆಪೆಗ್ ಒಮ್ಮೆ ಉಳಿಸಿದಾಗಲೇ ಗೆರೆಗಳ ಅಂಚಿನಲ್ಲಿ ಮಸುಕು ತರುತ್ತದೆ. ಮತ್ತೆ ಮತ್ತೆ ಉಳಿಸಿದರೆ ಮಸುಕು ಹೆಚ್ಚುತ್ತದೆ. ಅಕ್ಷರ ಅಚ್ಚಿನ ಅಳತೆಯಲ್ಲಿ 6ರಿಂದ 8 ಪಾಯಿಂಟ್ ಇರಲಿ. ಸ್ಲೈಡ್‌ಗೆಂದು ಮಾಡಿದ ಗ್ರಾಫನ್ನೇ ಅಂಟಿಸುವವರು ಎಡವುವುದು ಇಲ್ಲಿ: ಕಾಲಂ ಅಗಲಕ್ಕೆ ಕುಗ್ಗಿದಾಗ ಅಕ್ಷದ ಅಂಕಿಗಳು ಇರುವೆಯಷ್ಟಾಗುತ್ತವೆ.

ಕೆಂಪು ಮತ್ತು ಹಸಿರನ್ನು ಎದುರುಬದುರು ಬಳಸಬೇಡಿ. ಯುರೋಪ್ ಮೂಲದ ಪುರುಷರಲ್ಲಿ ಸುಮಾರು ಶೇ 8 ಮಂದಿಗೆ ಇವೆರಡರ ವ್ಯತ್ಯಾಸ ಸರಿಯಾಗಿ ಕಾಣದು. ವಿಮರ್ಶಕರಲ್ಲಿ ಒಬ್ಬರು ಅಂಥವರಿರಬಹುದು. ಕೆನ್ನೀಲಿ ಮತ್ತು ಹಸಿರು, ಅಥವಾ ನೀಲಿ ಮತ್ತು ಕಿತ್ತಳೆ ಒಳ್ಳೆಯ ಜೋಡಿ. ಕಾಮನಬಿಲ್ಲಿನ ಬಣ್ಣಪಟ್ಟಿ ಇಲ್ಲದ ಗಡಿಗಳನ್ನು ದತ್ತಾಂಶದಲ್ಲಿ ತೋರಿಸುತ್ತದೆ. ಅದರ ಬದಲು ‘ವಿರಿಡಿಸ್’ನಂಥ, ಬಣ್ಣ ಒಂದೇ ಸಮನಾಗಿ ಬದಲಾಗುವ ಪಟ್ಟಿ ಬಳಸಿ. ಸೂಕ್ಷ್ಮದರ್ಶಕದ ಚಿತ್ರದಲ್ಲಿ ಅಳತೆಪಟ್ಟಿ ಇರಲೇಬೇಕು, ‘40 ಪಟ್ಟು’ ಎಂದು ಬರೆದರೆ ಸಾಲದು. ಹೊಳಪು ಹೆಚ್ಚಿಸುವುದಾದರೆ ಇಡೀ ಚಿತ್ರಕ್ಕೆ ಒಂದೇ ಸಮ ಹೆಚ್ಚಿಸಬಹುದು, ಒಂದು ಮೂಲೆಗೆ ಮಾತ್ರ ಅಲ್ಲ. ಡಿಎನ್‌ಎ, ಪ್ರೋಟೀನ್ ಬೇರ್ಪಡಿಸುವ ಜೆಲ್‌ನ ಬೇರೆ ಬೇರೆ ಪಟ್ಟಿಗಳನ್ನು ಪಕ್ಕಪಕ್ಕ ಜೋಡಿಸಿದ್ದರೆ ನಡುವೆ ಗೆರೆ ಎಳೆದು, ವಿವರಣೆಯಲ್ಲಿ ಹೇಳಿ. ಮೂಲ, ಕತ್ತರಿಸದ ಚಿತ್ರ ಜೋಪಾನವಾಗಿರಲಿ, ಜರ್ನಲ್ ಕೇಳುತ್ತದೆ.

ವಿಧಾನ: ಇನ್ನೊಬ್ಬರು ಮಾಡಿ ನೋಡುವಷ್ಟು

ಉಪಕರಣದ ಮಾದರಿ, ರಾಸಾಯನಿಕದ ಕ್ಯಾಟಲಾಗ್ ಸಂಖ್ಯೆ, ಸಾಫ್ಟ್‌ವೇರ್‌ನ ಆವೃತ್ತಿ, ಉಷ್ಣಾಂಶ, ಹೊತ್ತು. ಇವುಗಳಲ್ಲಿ ಬಿಟ್ಟುಹೋಗಿದ್ದನ್ನೇ ವಿಮರ್ಶಕರು ಹಿಡಿಯುತ್ತಾರೆ. ‘ಸೆಂಟ್ರಿಫ್ಯೂಜ್‌ನಲ್ಲಿ ನಿಮಿಷಕ್ಕೆ 10,000 ಸುತ್ತು’ ಎಂಬುದು ಅಪೂರ್ಣ ಮಾಹಿತಿ. ರೋಟರ್‌ನ ತ್ರಿಜ್ಯ 8 ಸೆಂ.ಮೀ. ಇದ್ದರೆ ಅದು ಗುರುತ್ವದ ಸುಮಾರು 8,940 ಪಟ್ಟು ಬಲ, 10 ಸೆಂ.ಮೀ. ಇದ್ದರೆ 11,180 ಪಟ್ಟು. ಆದ್ದರಿಂದ ಸುತ್ತಿನ ಬದಲು ಬಲವನ್ನೇ ಬರೆಯಬೇಕು. ಸೂತ್ರ: ತ್ರಿಜ್ಯ ಸೆಂ.ಮೀ.ನಲ್ಲಿ, ಗುಣಿಸು ಸುತ್ತಿನ ವರ್ಗ, ಗುಣಿಸು 0.00001118. ಹಾಗೆಯೇ ‘ಹಿಂದೆ ವಿವರಿಸಿದಂತೆ’ ಎಂದು ಹಳೆಯ ಲೇಖನದತ್ತ ಕೈತೋರುವಾಗ, ಆ ಲೇಖನದಲ್ಲಿ ವಿಧಾನ ನಿಜಕ್ಕೂ ಇದೆಯೇ ನೋಡಿ. ಎಷ್ಟೋ ಸಲ ಅದೂ ಇನ್ನೊಂದು ಲೇಖನದತ್ತ ಕೈತೋರಿಸುತ್ತಿರುತ್ತದೆ.

ಅಧ್ಯಯನದ ಬಗೆಗೆ ತಕ್ಕ ವರದಿ ಪಟ್ಟಿಗಳಿವೆ: ಯಾದೃಚ್ಛಿಕ ಪ್ರಯೋಗಗಳಿಗೆ ‘ಕನ್ಸಾರ್ಟ್’, ವ್ಯವಸ್ಥಿತ ವಿಮರ್ಶೆಗೆ ‘ಪ್ರಿಸ್ಮಾ’, ವೀಕ್ಷಣಾ ಅಧ್ಯಯನಕ್ಕೆ ‘ಸ್ಟ್ರೋಬ್’, ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ‘ಅರೈವ್’. ‘ಈಕ್ವೇಟರ್’ ಜಾಲದಲ್ಲಿ ಎಲ್ಲವೂ ಸಿಗುತ್ತವೆ. ಬರೆದಮೇಲೆ ತುಂಬುವ ಫಾರಂ ಎಂದು ಇವನ್ನು ನೋಡದೆ ಬರೆಯುವಾಗಲೇ ಪಕ್ಕದಲ್ಲಿಟ್ಟುಕೊಳ್ಳಿ. ನೈತಿಕ ಸಮಿತಿಯ ಅನುಮತಿ ಸಂಖ್ಯೆ ಇಲ್ಲೇ ಬರಬೇಕು. ಚಿಕಿತ್ಸಾ ಪ್ರಯೋಗವಾದರೆ ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುಂಚೆಯೇ ನೋಂದಣಿ ಆಗಿರಬೇಕು. ಅದನ್ನು ಕೊನೆಗೆ ಸರಿಪಡಿಸಲು ಬರುವುದಿಲ್ಲ.

ಅಂಕಿಗಳು ಒಂದಕ್ಕೊಂದು ಹೊಂದಲಿ

ಪಿ ಮೌಲ್ಯ (ನಿಜಕ್ಕೂ ವ್ಯತ್ಯಾಸವೇ ಇಲ್ಲದಿದ್ದರೂ ಆಕಸ್ಮಿಕವಾಗಿ ಇಂಥ ಫಲಿತಾಂಶ ಬರುವ ಸಂಭವ) 0.000 ಎಂದು ಸಾಫ್ಟ್‌ವೇರ್ ತೋರಿಸಿದರೂ ಹಾಗೆ ಬರೆಯುವಂತಿಲ್ಲ, ಸಂಭವನೀಯತೆ ಸೊನ್ನೆಯಾಗಿಲ್ಲ, ‘0.001ಕ್ಕಿಂತ ಕಡಿಮೆ’ ಎನ್ನಿ. ಉಳಿದ ಕಡೆ ನಿಖರ ಮೌಲ್ಯ ಕೊಡಿ, ಜೊತೆಗೆ ಪರಿಣಾಮದ ಗಾತ್ರ ಮತ್ತು ಶೇ 95 ವಿಶ್ವಾಸಾಂತರ. ಗ್ರಾಫ್‌ನ ಮೀಸೆಗೆರೆಗಳು ಮಾನಕ ವಿಚಲನೆಯೋ (ಅಳತೆಗಳ ಹರಡು) ಮಾನಕ ದೋಷವೋ (ಸರಾಸರಿಯ ಅನಿಶ್ಚಿತತೆ) ಎಂಬುದನ್ನು ಪ್ರತಿ ಚಿತ್ರದಡಿ ಹೇಳಬೇಕು. ಮಾನಕ ದೋಷ ಚಿಕ್ಕದಾಗಿ ಕಾಣುತ್ತದೆಂದು ಅದನ್ನೇ ಆರಿಸುವ ಚಾಳಿ ವಿಮರ್ಶಕರಿಗೆ ಚೆನ್ನಾಗಿ ಗೊತ್ತು. ಮಾದರಿಗಳ ಸಂಖ್ಯೆ ಹೇಳುವಾಗ ಅವು ಮೂರು ಬೇರೆ ಇಲಿಗಳೋ, ಒಂದೇ ಇಲಿಯ ಮೂರು ಅಳತೆಗಳೋ ಸ್ಪಷ್ಟವಾಗಲಿ.

ಈಗ ಹಸ್ತಪ್ರತಿಯನ್ನು ಮುದ್ರಿಸಿ, ಸಾರಾಂಶದಲ್ಲಿರುವ ಪ್ರತಿ ಅಂಕಿಗೂ ಪೆನ್ಸಿಲ್‌ನಿಂದ ಸುತ್ತುಹಾಕಿ, ಅದು ಪಠ್ಯದಲ್ಲಿ ಮತ್ತು ಕೋಷ್ಟಕದಲ್ಲಿ ಹಾಗೆಯೇ ಇದೆಯೇ ನೋಡಿ. 48ರಲ್ಲಿ 17 ಎಂದರೆ ಶೇ 35.4, ಒಂದು ಮಾದರಿಯನ್ನು ಆಮೇಲೆ ಕೈಬಿಟ್ಟಿದ್ದರೆ ಮೊತ್ತ 47 ಆಗಿದ್ದರೂ ಎಲ್ಲೋ ಒಂದು ಕಡೆ 48 ಎಂದೇ ಉಳಿದಿರುತ್ತದೆ. ಫಾಂಟ್ ಬದಲಾದಾಗ ಮೈಕ್ರೊ ಚಿಹ್ನೆ ಮಿಲಿ ಆಗಿ ಓದಿಸಿಕೊಂಡರೆ ಪ್ರಮಾಣ ಸಾವಿರ ಪಟ್ಟು ತಪ್ಪುತ್ತದೆ. ಎಕ್ಸೆಲ್ ಕೆಲವು ಜೀನ್‌ಗಳ ಹೆಸರನ್ನು ದಿನಾಂಕವಾಗಿಸುವ ರೋಗ ಎಷ್ಟು ಹಬ್ಬಿತ್ತೆಂದರೆ, ಮಾನವ ಜೀನ್ ನಾಮಕರಣ ಸಮಿತಿಯೇ ‘ಸೆಪ್ಟ್’, ‘ಮಾರ್ಚ್’ ಸಾಲಿನ ಹೆಸರುಗಳನ್ನು ಬದಲಿಸಿದ್ದನ್ನು 2020ರಲ್ಲಿ ಪ್ರಕಟಿಸಿತು.

ಚರ್ಚೆ, ಪೀಠಿಕೆ, ಸಾರಾಂಶ

ಬರೆಯುವ ಕ್ರಮವೂ ಇದೇ. ಚರ್ಚೆಯ ಮೊದಲ ಪ್ಯಾರಾ ನಿಮ್ಮ ಮೂಲ ವಾಕ್ಯದಿಂದ ಹೊರಡಲಿ, ಫಲಿತಾಂಶವನ್ನೇ ಮತ್ತೆ ಪಠಿಸುವುದು ಬೇಡ. ಮಿತಿಗಳನ್ನು ನೀವೇ ಹೇಳಿ. ಅವು ತೀರ್ಮಾನವನ್ನು ಯಾವ ದಿಕ್ಕಿಗೆ ವಾಲಿಸಬಹುದು ಎಂಬುದನ್ನೂ ಸೇರಿಸಿ. ಪೀಠಿಕೆಗೆ ಮೂರು ನಾಲ್ಕು ಪ್ಯಾರಾ ಸಾಕು: ಗೊತ್ತಿರುವುದು, ಗೊತ್ತಿಲ್ಲದಿರುವುದು, ನೀವು ಮಾಡಿದ್ದು. ಸಾರಾಂಶ ಕಟ್ಟಕಡೆಗೆ, ಸಾಮಾನ್ಯವಾಗಿ 150ರಿಂದ 300 ಪದ, ಅದರಲ್ಲಿ ಅಂಕಿಗಳಿರಲಿ. ‘ಫಲಿತಾಂಶಗಳನ್ನು ಚರ್ಚಿಸಲಾಗಿದೆ’ ಎಂಬ ಸಾಲಿಗೆ ಅಲ್ಲಿ ಜಾಗವಿಲ್ಲ.

ಉಲ್ಲೇಖ, ಘೋಷಣೆ

ಜೊಟೆರೊ, ಎಂಡ್‌ನೋಟ್‌ನಂಥ ಉಲ್ಲೇಖ ಜೋಡಿಸುವ ಸಾಧನ ಬಳಸಿದರೂ ಕಣ್ಣಾಡಿಸುವ ಕೆಲಸ ತಪ್ಪದು. ಹೊರಗಿನಿಂದ ಎಳೆದುಕೊಂಡ ಮಾಹಿತಿಯಲ್ಲಿ ಪುಟಸಂಖ್ಯೆ ಇಲ್ಲದ್ದು, ಹೆಸರು ತಿರುಗುಮುರುಗಾದದ್ದು ಇದ್ದೇ ಇರುತ್ತವೆ. ಪ್ರತಿಯೊಂದರ ಡಿಒಐ (ಲೇಖನದ ಶಾಶ್ವತ ಗುರುತಿನ ಕೊಂಡಿ) ಒತ್ತಿ ನೋಡಿ. ಹಿಂತೆಗೆದುಕೊಂಡ ಲೇಖನವನ್ನು ಉಲ್ಲೇಖಿಸಿಲ್ಲವೆಂದು ಖಾತ್ರಿಮಾಡಿಕೊಳ್ಳಿ. ಜೊಟೆರೊ ಅಂಥವುಗಳ ಬಗ್ಗೆ ಎಚ್ಚರಿಸುತ್ತದೆ. ಎಐ ಸಾಧನ ಸೂಚಿಸಿದ ಉಲ್ಲೇಖಗಳಂತೂ ಇಲ್ಲದ ಲೇಖನಗಳೇ ಆಗಿರಬಹುದು. ಹಿತಾಸಕ್ತಿ, ಧನಸಹಾಯ, ದತ್ತಾಂಶ ಲಭ್ಯತೆ ಕುರಿತ ಹೇಳಿಕೆಗಳನ್ನು ಅಪ್‌ಲೋಡ್ ದಿನಕ್ಕೆ ಉಳಿಸಬೇಡಿ. ‘ಕೇಳಿದರೆ ಕೊಡಲಾಗುವುದು’ ಎಂಬುದನ್ನು ಅನೇಕ ಜರ್ನಲ್‌ಗಳು ಈಗ ಒಪ್ಪವು. ಜೆನೊಡೊ, ಡ್ರಯಾಡ್‌ನಂಥ ಭಂಡಾರದಲ್ಲಿ ದತ್ತಾಂಶವಿಟ್ಟು ಅದರ ಗುರುತಿನ ಸಂಖ್ಯೆ ಕೊಡಿ.

ಕವರ್ ಲೆಟರ್ ಮತ್ತು ಅಪ್‌ಲೋಡ್

ಕವರ್ ಲೆಟರ್ ಒಂದು ಪುಟ ದಾಟಬಾರದು. ಕಂಡುಕೊಂಡದ್ದು ಏನು, ಈ ಜರ್ನಲ್‌ನ ಓದುಗರಿಗೆ ಅದು ಏಕೆ ಬೇಕು, ಬೇರೆಲ್ಲೂ ಪರಿಶೀಲನೆಯಲ್ಲಿಲ್ಲ, ಪ್ರಿಪ್ರಿಂಟ್ (ವಿಮರ್ಶೆಗೆ ಮುಂಚೆಯೇ ಜಾಲದಲ್ಲಿ ಹಾಕಿದ ಪ್ರತಿ) ಇದ್ದರೆ ಎಲ್ಲಿದೆ, ಇಷ್ಟೇ. ತಿರಸ್ಕೃತವಾಗಿ ಎರಡನೇ ಜರ್ನಲ್‌ಗೆ ಕಳಿಸುವಾಗ ಪತ್ರದಲ್ಲಿ ಹಳೆಯ ಜರ್ನಲ್‌ನ ಹೆಸರೇ ಉಳಿದುಬಿಡುವುದುಂಟು, ಹುಡುಕಿ ಅಳಿಸಿ. ವಿಮರ್ಶಕರ ಹೆಸರು ಸೂಚಿಸಲು ಕೇಳಿದರೆ ಇತ್ತೀಚಿನ ವರ್ಷಗಳಲ್ಲಿ ನಿಮ್ಮೊಂದಿಗೆ ಬರೆದವರನ್ನು, ನಿಮ್ಮದೇ ಸಂಸ್ಥೆಯವರನ್ನು ಬಿಡಿ; ಸಂಸ್ಥೆಯ ಇ–ಮೇಲ್ ವಿಳಾಸವನ್ನೇ ಕೊಡಿ.

ಪುಟಸಂಖ್ಯೆ, ಸಾಲುಸಂಖ್ಯೆ ಹಾಕಿ. ಲೇಖಕರ ಹೆಸರು ಮರೆಮಾಚಬೇಕಾದ ಜರ್ನಲ್ ಆಗಿದ್ದರೆ ಶೀರ್ಷಿಕೆ ಪುಟ ಬೇರೆ ಫೈಲ್ ಆಗಲಿ, ಕೃತಜ್ಞತೆ ಮತ್ತು ಧನಸಹಾಯದ ಸಾಲುಗಳು ಅಲ್ಲಿಗೆ ಹೋಗಲಿ. ವರ್ಡ್ ಫೈಲ್‌ನ ಗುಣಲಕ್ಷಣಗಳಲ್ಲಿ ನಿಮ್ಮ ಹೆಸರು ಅಡಗಿರುತ್ತದೆ, ಅದನ್ನೂ ತೆಗೆಯಿರಿ. ಟ್ರ್ಯಾಕ್ ಚೇಂಜಸ್‌ನ ಗುರುತುಗಳು, ಸಹಲೇಖಕರ ಖಾಸಗಿ ಟಿಪ್ಪಣಿಗಳು ಹಾಗೇ ಹೋದರೆ ಮುಜುಗರ ತಪ್ಪದು.

ಎಲ್ಲ ಫೈಲ್ ಹಾಕಿದ ಮೇಲೆ ಜರ್ನಲ್‌ನ ವ್ಯವಸ್ಥೆ ಅವನ್ನು ಸೇರಿಸಿ ಒಂದು ಪಿಡಿಎಫ್ ಕಟ್ಟುತ್ತದೆ. ಅದನ್ನು ಇಳಿಸಿಕೊಂಡು ಮೊದಲಿಂದ ಕೊನೆವರೆಗೆ ನೋಡಿ: ಸಮೀಕರಣಗಳು ಚೌಕಗಳಾಗಿವೆಯೇ, ಚಿತ್ರ ತಲೆಕೆಳಗಾಗಿದೆಯೇ, ಕೋಷ್ಟಕದ ಬಲಗಡೆಯ ಕಾಲಂ ಕತ್ತರಿಸಿಹೋಗಿದೆಯೇ. ಸರಿ ಇದ್ದರೆ ಒಪ್ಪಿಗೆಯ ಗುಂಡಿ ಒತ್ತಬೇಕು. ಅನೇಕ ವ್ಯವಸ್ಥೆಗಳಲ್ಲಿ ಅದನ್ನು ಒತ್ತದಿದ್ದರೆ ಹಸ್ತಪ್ರತಿ ನಿಮ್ಮ ಖಾತೆಯಲ್ಲೇ ಕೂತಿರುತ್ತದೆ, ಸಂಪಾದಕರಿಗೆ ಸುದ್ದಿಯೇ ಇರುವುದಿಲ್ಲ. ಒಂದೆರಡು ದಿನದಲ್ಲಿ ಸ್ವೀಕೃತಿಯ ಇ–ಮೇಲ್ ಬಾರದಿದ್ದರೆ ಸ್ಪಾಮ್ ಪೆಟ್ಟಿಗೆ ನೋಡಿ, ಅಲ್ಲೂ ಇಲ್ಲವಾದರೆ ಖಾತೆಗೆ ಮತ್ತೆ ಲಾಗಿನ್ ಆಗಿ ಆ ಗುಂಡಿ ಒತ್ತಿದ್ದೀರೋ ಇಲ್ಲವೋ ಪರೀಕ್ಷಿಸಿ.