ಕುದುರೆಯ ತಲೆಗೆ ಪೆಟ್ಟು ಬಿದ್ದರೆ ಏನು ಮಾಡಬೇಕು?

ಮದುವೆ ಸೀಸನ್‌ನಲ್ಲಿ ದಾವಣಗೆರೆಯ ಸಾರೋಟಿನ ಕುದುರೆಗಳಿಗೆ ಬಿಡುವೇ ಇರುವುದಿಲ್ಲ. ಪಕ್ಕದಲ್ಲಿ ಡಿಜೆ, ಕಾಲಬುಡದಲ್ಲಿ ಪಟಾಕಿ ಸರ. ಬೆಚ್ಚಿದ ಕುದುರೆ ಮುಂಗಾಲೆತ್ತಿ ನಿಂತಾಗ ಕಾಂಕ್ರೀಟ್ ರಸ್ತೆಯಲ್ಲಿ ಹಿಂಗಾಲಿನ ಲಾಳ ಜಾರಿದರೆ ಮುಗಿಯಿತು, ನೆತ್ತಿಯ ಹಿಂಭಾಗ ನೆಲಕ್ಕೆ ಅಪ್ಪಳಿಸುತ್ತದೆ. ಅತ್ತ ಚಳ್ಳಕೆರೆ, ಹಿರಿಯೂರು ಕಡೆ ಕುರಿಮಂದೆಯ ಜೊತೆ ಸಾಗುವ ತಟ್ಟುಗಳ ಕಷ್ಟವೇ ಬೇರೆ. ಜೊತೆಯದ್ದು ಒದ್ದು ಹಣೆ ಒಡೆಯುತ್ತದೆ, ಇಲ್ಲವೇ ಹೆದ್ದಾರಿಯಲ್ಲಿ ವಾಹನ ತಾಗುತ್ತದೆ.

ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಕುದುರೆಯ ಹಣೆ, ಮೂಗಿನ ಮೂಳೆ ತೆಳು. ಅದರ ಹಿಂದಿರುವುದು ಸೈನಸ್ ಎಂಬ ಗಾಳಿಯ ಟೊಳ್ಳು. ಒದೆ ಬಿದ್ದರೆ ಮೂಳೆ ಒಳಕ್ಕೆ ಕುಸಿಯುತ್ತದೆ, ಮೂಗಿನಿಂದ ರಕ್ತ ಸುರಿಯುತ್ತದೆ, ನೋಡಿದವರಿಗೆ ಎದೆ ಝಲ್ಲೆನ್ನುತ್ತದೆ. ಆದರೆ ಮುಖಕ್ಕೆ ರಕ್ತಸಂಚಾರ ಚೆನ್ನಾಗಿರುವುದರಿಂದ ಇಂಥ ಗಾಯ ಬಹುಪಾಲು ವಾಸಿಯಾಗುತ್ತದೆ. ಹಿಂದಕ್ಕೆ ಬಿದ್ದ ಕುದುರೆಯಲ್ಲಿ ಹೊರಗೆ ಒಂದು ಗೀರೂ ಇಲ್ಲದಿರಬಹುದು. ಒಳಗೆ ಮಾತ್ರ ಕತ್ತಿನ ಸ್ನಾಯುಗಳು ಸೆಳೆದ ರಭಸಕ್ಕೆ ತಲೆಬುರುಡೆಯ ತಳದ ಮೂಳೆಯೇ ಕಿತ್ತು ಬಂದಿರಬಹುದು. ಹೆದರಬೇಕಾದ್ದು ಇದಕ್ಕೆ.

ಮೊದಲು ಜಾಗ ಖಾಲಿ ಮಾಡಿಸಿ

ಡಿಜೆ ನಿಲ್ಲಿಸಿ, ಜನರನ್ನು ದೂರ ಕಳಿಸಿ, ಸಾರೋಟಿನ ಪಟ್ಟಿಗಳನ್ನು ಬಿಚ್ಚಿ ಇಲ್ಲವೇ ಕೊಯ್ದುಹಾಕಿ. ಬಿದ್ದ ಕುದುರೆಯ ಬೆನ್ನಿನ ಕಡೆಯಿಂದಲೇ ಹತ್ತಿರ ಹೋಗಿ. ಮಂಪರಿನಲ್ಲಿರುವ ಕುದುರೆ ದಿಢೀರನೆ ಎದ್ದು ಯಾರ ಮೇಲಾದರೂ ಉರುಳಬಹುದು. ಹೊಡೆದು ಎಬ್ಬಿಸಲು ಹೋಗಬೇಡಿ. ತಲೆಯಡಿ ಹುಲ್ಲು ತುಂಬಿದ ಗೋಣಿಚೀಲ ಇಟ್ಟು ಸ್ವಲ್ಪ ಎತ್ತರಿಸಿ. ನೆಲಕ್ಕೆ ಒತ್ತಿದ ಕಣ್ಣು ಉಜ್ಜದಂತೆ ಮೆತ್ತನೆಯ ಬಟ್ಟೆ ಹಾಸಿ. ಕತ್ತಿಗೆ ಹಗ್ಗ ಬಿಗಿಯಬೇಡಿ. ಕತ್ತಿನ ರಕ್ತನಾಳ ಒತ್ತಿದರೆ ತಲೆಯೊಳಗಿನ ಒತ್ತಡ ಏರುತ್ತದೆ.

ಅಷ್ಟರಲ್ಲಿ ಒಬ್ಬರು ಪಶು ಸಂಜೀವಿನಿ ಸಹಾಯವಾಣಿ 1962ಕ್ಕೆ ಇಲ್ಲವೇ ಹತ್ತಿರದ ಪಶು ಆಸ್ಪತ್ರೆಗೆ ಫೋನ್ ಮಾಡಲಿ. ಮೊಬೈಲ್‌ನಲ್ಲಿ ಒಂದು ನಿಮಿಷ ವಿಡಿಯೊ ಮಾಡಿಟ್ಟುಕೊಳ್ಳಿ. ವೈದ್ಯರು ಬರುವ ಹೊತ್ತಿಗೆ ಲಕ್ಷಣ ಬದಲಾಗಿರಬಹುದು.

ಗಾಯಕ್ಕಿಂತ ಮುಂಚೆ ಕುದುರೆಯನ್ನು ನೋಡಿ

ಕಣ್ಣಿಗೆ ಮೊಬೈಲ್ ಟಾರ್ಚ್ ಹಿಡಿಯಿರಿ. ಎರಡೂ ಪಾಪೆ ಒಂದೇ ಅಳತೆಯಲ್ಲಿದ್ದು ಬೆಳಕಿಗೆ ಕಿರಿದಾಗಬೇಕು. ಕಣ್ಣಗುಡ್ಡೆ ಅತ್ತಿತ್ತ ತಾನಾಗಿ ಅದುರುತ್ತಿದೆಯೇ? ತಲೆ ಒಂದು ಕಡೆ ವಾಲಿದೆಯೇ? ಒಂದು ಕಿವಿ, ತುಟಿ ಜೋತುಬಿದ್ದಿದೆಯೇ? ಹಣೆಯನ್ನು ಗೋಡೆಗೆ ಒತ್ತಿ ನಿಂತಿದೆಯೇ? ಕಿವಿಯಿಂದ ರಕ್ತ ಬಂದಿದೆಯೇ? ಇದರಲ್ಲಿ ಒಂದು ಕಂಡರೂ ತುರ್ತು ಎಂದೇ ತಿಳಿಯಿರಿ. ಕಣ್ಣಿನ ನರಕ್ಕೆ ಪೆಟ್ಟಾಗಿದ್ದರೆ ಒಂದೇ ದಿನದೊಳಗೆ ಕುರುಡಾಗುವುದೂ ಉಂಟು.

ಕೆಳದವಡೆಯ ಒಳಅಂಚಿಗೆ ಬೆರಳಿಟ್ಟರೆ ನಾಡಿ ಸಿಗುತ್ತದೆ. ದೊಡ್ಡ ಕುದುರೆ ಶಾಂತವಾಗಿದ್ದಾಗ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16. ಕುದುರೆಗೆ ಬಾಯಿಯಿಂದ ಉಸಿರಾಡಲು ಬರುವುದಿಲ್ಲ. ಮುಖ ಊದಿ ಎರಡೂ ಹೊಳ್ಳೆ ಕಟ್ಟಿದರೆ ವೈದ್ಯರು ಗಂಟಲಿಗೆ ರಂಧ್ರ ಮಾಡಿ ಕೊಳವೆ ಹಾಕಬೇಕಾಗುತ್ತದೆ. ಆದ್ದರಿಂದ ರಕ್ತ ನಿಲ್ಲಿಸಲೆಂದು ಮೂಗಿಗೆ ಬಟ್ಟೆ ತುರುಕುವ ಕೆಲಸ ಬೇಡವೇ ಬೇಡ.

ಬೀಳುವುದನ್ನು ಯಾರೂ ಕಣ್ಣಾರೆ ನೋಡಿಲ್ಲವಾದರೆ ಇನ್ನೊಂದು ಎಚ್ಚರ. ರೇಬಿಸ್ ತಗುಲಿದ ಕುದುರೆಯೂ ಹೀಗೇ ತೂರಾಡುತ್ತದೆ, ನುಂಗಲಾರದೆ ಜೊಲ್ಲು ಸುರಿಸುತ್ತದೆ. ಗಂಟಲಲ್ಲಿ ಏನೋ ಸಿಕ್ಕಿರಬೇಕೆಂದು ಬಾಯಿಗೆ ಕೈಹಾಕಬೇಡಿ. ನಮ್ಮದು ಮೆಕ್ಕೆಜೋಳದ ಸೀಮೆ, ಅದನ್ನೂ ಮರೆಯಬಾರದು. ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದ ಕುದುರೆಯ ಮಿದುಳು ಶಿಲೀಂಧ್ರದ ವಿಷದಿಂದ ಕರಗತೊಡಗುತ್ತದೆ. ಅದೂ ಗೋಡೆಗೆ ಹಣೆ ಒತ್ತುತ್ತದೆ, ಸುತ್ತು ತಿರುಗುತ್ತದೆ, ಕಣ್ಣು ಕಾಣದಂತಾಗುತ್ತದೆ. ಚೀಲದ ತಳದ ಕಾಳು ಹಾಕಿದ್ದರೆ ವೈದ್ಯರ ಮುಂದೆ ಮುಚ್ಚಿಡಬೇಡಿ.

ಗಾಯಕ್ಕೆ ಏನು, ಏನು ಬೇಡ

ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಬೆರೆಸಿ ಮೆಲ್ಲಗೆ ತೊಳೆದು ಶುಭ್ರ ಬಟ್ಟೆ ಮುಚ್ಚಿ. ಮೂಳೆ ಕುಸಿದ ಕಡೆ ಒತ್ತಬೇಡಿ, ಚೂರು ಕೀಳಬೇಡಿ. ಅರಿಶಿನ, ಕಾಫಿಪುಡಿ, ಸುಣ್ಣ ಯಾವುದೂ ಬೇಡ. ತೆರೆದ ಸೈನಸ್‌ಗೆ ಬಿದ್ದ ಪುಡಿ ವಾರಗಟ್ಟಲೆ ಕೀವು ತರಿಸುತ್ತದೆ. ಗಾಯದ ಸುತ್ತ ಚರ್ಮ ಅಮುಕಿದಾಗ ಹಪ್ಪಳ ಮುರಿದಂತೆ ಚರಚರ ಎಂದರೆ ಸೈನಸ್‌ನ ಗಾಳಿ ಚರ್ಮದಡಿ ಸೇರಿದೆ ಎಂದರ್ಥ. ಅದು ತಾನಾಗಿ ಇಳಿಯುತ್ತದೆ.

ಮಂಪರಿನ ಕುದುರೆಗೆ ನೀರು ಕುಡಿಸಬೇಡಿ, ಶ್ವಾಸಕೋಶಕ್ಕೆ ಹೋದೀತು. ಮನುಷ್ಯರ ನೋವಿನ ಮಾತ್ರೆ ಬೇಡ. ಧನುರ್ವಾಯು ಚುಚ್ಚುಮದ್ದು ಮಾತ್ರ ತಪ್ಪಿಸುವಂತಿಲ್ಲ. ಸಾಕುಪ್ರಾಣಿಗಳಲ್ಲಿ ಆ ರೋಗಕ್ಕೆ ಕುದುರೆಯಷ್ಟು ಸುಲಭವಾಗಿ ಬಲಿಯಾಗುವುದು ಇನ್ನೊಂದಿಲ್ಲ.

ವೈದ್ಯರು ಬಂದ ಮೇಲೆ

ಊತ ಇಳಿಸಲು ಫ್ಲುನಿಕ್ಸಿನ್, ಮಿದುಳಿನ ಒತ್ತಡ ತಗ್ಗಿಸಲು ಮ್ಯಾನಿಟಾಲ್ ಇಲ್ಲವೇ ಗಟ್ಟಿ ಉಪ್ಪಿನ ದ್ರಾವಣ ಕೊಡುವುದುಂಟು. ಮಂಪರು ಬರಿಸುವ ಇಂಜೆಕ್ಷನ್ ಕೊಡಿ ಎಂದು ಒತ್ತಾಯಿಸಬೇಡಿ. ಮತ್ತಿನಲ್ಲಿ ತಲೆ ಕೆಳಗೆ ಜೋತರೆ ಒತ್ತಡ ಹೆಚ್ಚುತ್ತದೆ. ಅದು ವೈದ್ಯರ ಲೆಕ್ಕಾಚಾರ. ಎಕ್ಸ್‌ರೇ, ಎಂಡೋಸ್ಕೋಪಿಗೆ ಶಿವಮೊಗ್ಗ ಅಥವಾ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಒಯ್ಯಬೇಕೆಂದರೆ ಮೊದಲು ಫೋನ್ ಮಾಡಿ ಕೇಳಿ. ತೂರಾಡುವ ಕುದುರೆಯನ್ನು ಅದೇ ರಾತ್ರಿ ಲಾರಿ ಹತ್ತಿಸುವುದು ಎಷ್ಟೋ ಸಲ ಪೆಟ್ಟಿಗಿಂತ ಅಪಾಯ. ಕುಸಿದ ಹಣೆಯ ಮೂಳೆಯನ್ನು ಕುದುರೆ ನಿಂತಿರುವಾಗಲೇ ಮರಗಟ್ಟಿಸಿ ಕೊಕ್ಕೆಯಿಂದ ಮೇಲೆತ್ತಿ, ಬೇಕಿದ್ದರೆ ತಂತಿಯಿಂದ ಬಿಗಿಯಬಹುದು. ಮೊದಲ ಕೆಲವು ದಿನಗಳಲ್ಲೇ ಮಾಡಿಸಿದರೆ ಮುಖ ಸೊಟ್ಟಗಾಗುವುದು ತಪ್ಪುತ್ತದೆ.

ಬದುಕುವ ಆಸೆ ಎಷ್ಟು? ಅಮೆರಿಕದಲ್ಲಿ ಮಿದುಳಿಗೆ ಪೆಟ್ಟಾದ 34 ಕುದುರೆಗಳ ದಾಖಲೆ ನೋಡಿ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ 62ರಷ್ಟು ಬದುಕಿ ಮನೆಗೆ ಹೋದವು. ಬುರುಡೆಯ ತಳ ಮುರಿದವು, ನಾಲ್ಕು ತಾಸಿಗಿಂತ ಹೆಚ್ಚು ಹೊತ್ತು ಏಳದೆ ಮಲಗಿದವು ಉಳಿದದ್ದು ಕಡಿಮೆ.

ಮೂರು ದಿನದ ಕಾವಲು

ಮಿದುಳಿನ ಊತ ಎರಡು ಮೂರು ದಿನ ಏರಬಹುದು. ‘ಎದ್ದು ನಿಂತಿತಲ್ಲ’ ಎಂದು ಎಲ್ಲರೂ ಮಲಗುವುದು ಆ ರಾತ್ರಿಯೇ. ಲಾಯದ ಕಂಬಕ್ಕೆ ಒಂದು ನೋಟ್‌ಬುಕ್ ಕಟ್ಟಿ, ತಾಸಿಗೊಮ್ಮೆ ನಾಡಿ, ಉಸಿರು, ಪಾಪೆ, ನಿಲುವು ಬರೆಯಿರಿ. ಮೇವನ್ನು ಎದೆಯ ಮಟ್ಟಕ್ಕೆ ಇಡಿ. ನೆಲದಿಂದ ತಿನ್ನಲು ತಲೆ ತಗ್ಗಿಸಿದರೆ ಊತ ಹೆಚ್ಚುತ್ತದೆ. ನುಂಗುತ್ತಿದೆ ಎಂದು ಖಾತ್ರಿಯಾದ ಮೇಲೆ ಹಸಿ ಗರಿಕೆ, ನೆನೆಸಿದ ಬೂಸಾ, ಮೆತ್ತಗೆ ಬೇಯಿಸಿದ ಹುರುಳಿ ಸ್ವಲ್ಪ ಸ್ವಲ್ಪ ಕೊಡಿ. ಮುಖದ ನರ ಸೋತಿದ್ದರೆ ಮೇವು ಕೆನ್ನೆಯಲ್ಲೇ ಉಳಿಯುತ್ತದೆ, ರೆಪ್ಪೆ ಮುಚ್ಚದೆ ಕಣ್ಣು ಒಣಗುತ್ತದೆ. ವೈದ್ಯರು ಕೊಟ್ಟ ಕಣ್ಣಿನ ಮುಲಾಮನ್ನು ದಿನಕ್ಕೆ ಹಲವು ಸಲ ಹಚ್ಚಬೇಕು.

ಮತ್ತೆ ಕೆಲಸಕ್ಕೆ

ಮುಖದ ಮೂಳೆ ಕೂಡಲು ಆರರಿಂದ ಎಂಟು ವಾರ. ಅಲ್ಲಿಯವರೆಗೆ ಕಡಿವಾಣ, ಮೂಗುಪಟ್ಟಿ ಹಾಕಬೇಡಿ. ಕೆಲವು ವಾರಗಳ ನಂತರ ಒಂದೇ ಹೊಳ್ಳೆಯಿಂದ ನಾರುವ ಸೋರಿಕೆ ಬಂದರೆ ಸೈನಸ್‌ನಲ್ಲಿ ಕೀವು ಅಥವಾ ಸತ್ತ ಮೂಳೆಯ ಚೂರು ಉಳಿದಿದೆ. ಸದಾ ಕಣ್ಣೀರು ಹರಿದರೆ ಕಣ್ಣೀರಿನ ನಾಳ ಕಟ್ಟಿದೆ. ಹಣೆಯಲ್ಲಿ ಗಟ್ಟಿ ಗಡ್ಡೆ ಎದ್ದರೆ ಒಮ್ಮೆ ತೋರಿಸಿ, ಹೆಚ್ಚಿನವು ನಿಧಾನಕ್ಕೆ ಇಳಿಯುತ್ತವೆ.

ನರದ ಚೇತರಿಕೆಗೆ ತಿಂಗಳುಗಳೇ ಬೇಕು. ಸಾರೋಟಿಗೆ ಕಟ್ಟುವ ಮೊದಲು ಮಣ್ಣಿನ ಬಯಲಿನಲ್ಲಿ ಚಿಕ್ಕ ಸುತ್ತು ತಿರುಗಿಸಿ, ಹಿಂದಕ್ಕೆ ನಡೆಸಿ, ಮೋರಿಯ ಕಟ್ಟೆ ದಾಟಿಸಿ ನೋಡಿ. ಹಿಂಗಾಲು ಒಂದಕ್ಕೊಂದು ತೊಡರಿದರೆ, ಹೆಜ್ಜೆ ಎಲ್ಲಿಡಬೇಕೆಂದು ತಡವರಿಸಿದರೆ ಮದುವೆಯ ಮುಂಗಡ ವಾಪಸ್ ಕೊಡುವುದೇ ಸರಿ. ಆರು ತಿಂಗಳಾದರೂ ಹಾಗೇ ಇದ್ದರೆ ಸವಾರಿಗೂ ಬೇಡ, ಗಾಡಿಗೂ ಬೇಡ. ಸಮತಟ್ಟಾದ ಹೊಲದಲ್ಲಿ ಮೇಯಲು ಅಡ್ಡಿಯಿಲ್ಲ.