ಎರೆನೆಲದ ಮುಖ್ಯರಸ್ತೆಯ ಬದಿಗೆ ಒಳ್ಳೆಯ ಸೈಕಲ್ ದಾರಿ
ಮುಧೋಳ, ಜಮಖಂಡಿ ಕಡೆಯ ಮುಖ್ಯರಸ್ತೆಗಳ ಬದಿಯಲ್ಲಿ ಸೈಕಲ್ ದಾರಿಯನ್ನು ಸುಧಾರಿಸುವವರು ಮೊದಲು ನೆಲವನ್ನು ನೋಡಬೇಕು. ಎರೆಮಣ್ಣು ಮಳೆಗೆ ಉಬ್ಬಿ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವುದರಿಂದ ಅದರ ಮೇಲೆ ನೇರವಾಗಿ ಹಾಕಿದ ಡಾಂಬರು ಬೇಗನೆ ಒಡೆಯುತ್ತದೆ. ಆದ್ದರಿಂದ ಮೇಲ್ಮಣ್ಣನ್ನು ತೆಗೆದು, ಗರಸನ್ನು ಪದರ ಪದರವಾಗಿ ಹರಡಿ, ನೀರುಣಿಸಿ, ರೋಲರ್ ಹೊಡೆದು ಗಟ್ಟಿ ಮಾಡಿ, ಮಳೆನೀರು ಗಟಾರಕ್ಕೆ ಹರಿಯುವಂತೆ ಇಳಿಜಾರು ಕೊಡಬೇಕು. ಅಗಲ ಕನಿಷ್ಠ 2 ಮೀಟರ್ ಇರಲಿ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಟ್ರ್ಯಾಲಿಗಳಿಂದ ಜಲ್ಲೆಗಳು ಹೊರಚಾಚಿರುತ್ತವೆ. ಶಾಲೆಗೆ ಹೊರಟ ಹುಡುಗಿಯೊಬ್ಬಳು ಕತ್ತು ಬಗ್ಗಿಸಿ ಅವುಗಳಿಂದ ತಪ್ಪಿಸಿಕೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ಬಿಳಿ ಪಟ್ಟೆಯೊಂದೇ ಸಾಲದು, ರಸ್ತೆಗೂ ದಾರಿಗೂ ನಡುವೆ ಸಾಕಷ್ಟು ತೆರಪು ಬಿಟ್ಟು ಬೇವಿನ ಸಾಲು ನೆಡಬೇಕು. ಜಾಲಿಯನ್ನು ಮಾತ್ರ ಬೇರುಸಹಿತ ಕೀಳಿಸಬೇಕು, ಅದರ ಮುಳ್ಳು ಟೈರನ್ನು ಉಳಿಸುವುದಿಲ್ಲ.